ಸ್ಕ್ಯಾನ್ ಇಲ್ಲಿ, ಓದುವ ಡಾಕ್ಟರು ಎಲ್ಲೋ: ದೂರದಿಂದ ರಿಪೋರ್ಟ್ ಬರುವುದು ಹೇಗೆ?



ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆಯೇ ನಮ್ಮ ಸಂಘದ ಸದಸ್ಯೆಯೊಬ್ಬರು ಫೋನ್ ಮಾಡಿದರು. "ಸಿಸ್ಟರ್, ನಮ್ಮತ್ತೆ ಯಾಕೋ ಸರಿ ಇಲ್ಲ. ನಾಲ್ಕು ದಿನದಿಂದ ತಲೆನೋವು ಅಂತಿದ್ರು. ಇವತ್ತು ಬಲಗಾಲು ಎಳೆದು ಎಳೆದು ನಡೀತಿದ್ದಾರೆ. ನನ್ನನ್ನೇ ‘ನೀನ್ಯಾರು’ ಅಂತ ಕೇಳಿದ್ರು" ಅಂದರು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಪರೀಕ್ಷೆ ಮಾಡಿ, ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಅಂತ ಚೀಟಿ ಬರೆದುಕೊಟ್ಟರು. ಸಂಘದಿಂದ 5,000 ರೂಪಾಯಿ ತುರ್ತು ಸಾಲ ತೆಗೆದುಕೊಂಡು ಪಟ್ಟಣದ ಸ್ಕ್ಯಾನಿಂಗ್ ಸೆಂಟರಿಗೆ ಹೋದೆವು. ನಾನೂ ಜೊತೆಗಿದ್ದೆ.

ಅಲ್ಲಿ ದೊಡ್ಡ ಮೆಷಿನ್ ಇತ್ತು. ಮೆಷಿನ್ ನಡೆಸುವ ಒಬ್ಬ ಹುಡುಗ, ಕಂಪ್ಯೂಟರ್ ಮುಂದೆ ದುಡ್ಡು ಕಟ್ಟಿಸಿಕೊಳ್ಳುವ ಒಬ್ಬ ಹುಡುಗಿ, ಇಬ್ಬರೇ. ನಮ್ಮ ಸದಸ್ಯೆ ಸುತ್ತ ನೋಡಿ ಮೆಲ್ಲಗೆ ಕೇಳಿದರು: "ಸಿಸ್ಟರ್, ಇಲ್ಲಿ ಡಾಕ್ಟ್ರೇ ಕಾಣಲ್ವಲ್ಲ. ಮತ್ತೆ ಸ್ಕ್ಯಾನ್ ನೋಡೋರು ಯಾರು?" ಆ ಹುಡುಗ ಕೇಳಿಸಿಕೊಂಡು, "ರಿಪೋರ್ಟ್ ಬೆಂಗಳೂರಿನಿಂದ ಬರುತ್ತೆ ಅಮ್ಮಾ, ಮುಕ್ಕಾಲು ಗಂಟೆ ಕೂತ್ಕೊಳ್ಳಿ" ಅಂದ. ಅವರ ಮುಖ ಬಾಡಿತು. "ಸಾಲ ಮಾಡಿ ದುಡ್ಡು ಕಟ್ಟಿದ್ದೀವಿ. ಯಾರೋ ಎಲ್ಲೋ ಕೂತು ಬರೆದು ಕಳಿಸೋದು ಅಂದ್ರೆ ನಂಬೋದು ಹೇಗೆ?"

ಈ ಪ್ರಶ್ನೆ ನ್ಯಾಯವಾದದ್ದೇ. ಆಮೇಲೆ ಬೇರೆ ಸಂಘಗಳಲ್ಲೂ ಇದೇ ಮಾತು ಬಂತು. ಅದಕ್ಕೇ ಈ ಸಲದ ಪತ್ರಿಕೆಯಲ್ಲಿ ದೂರದಿಂದ ಸ್ಕ್ಯಾನ್ ಓದುವ ಈ ವ್ಯವಸ್ಥೆ ಏನು, ಅದರಲ್ಲಿ ನಮ್ಮ ಕೈಯಲ್ಲಿರುವುದು ಏನು ಅಂತ ಬರೆಯುತ್ತಿದ್ದೇನೆ. ಇದಕ್ಕೆ ‘ಟೆಲಿರೇಡಿಯಾಲಜಿ’ ಅಂತ ಹೆಸರು.

ಮೂರು ಜನರ ಕೆಲಸ

ಸ್ಕ್ಯಾನ್ ಅಂದರೆ ಒಬ್ಬರ ಕೆಲಸ ಅಲ್ಲ. ಅದರಲ್ಲಿ ಮೂರು ಜನ ಇರುತ್ತಾರೆ.

ಮೊದಲನೆಯವರು ನಮ್ಮನ್ನು ನೋಡಿ ಚೀಟಿ ಬರೆಯುವ ಡಾಕ್ಟರು. ಏನು ಕಾಯಿಲೆ ಇರಬಹುದು ಅಂತ ಅವರಿಗೆ ಒಂದು ಅನುಮಾನ ಇರುತ್ತದೆ. ಅದನ್ನು ಖಚಿತ ಮಾಡಿಕೊಳ್ಳಲು ಸ್ಕ್ಯಾನ್ ಮಾಡಿಸಿ ಅನ್ನುತ್ತಾರೆ.

ಎರಡನೆಯವರು ಮೆಷಿನ್ ನಡೆಸುವ ಟೆಕ್ನೀಷಿಯನ್. ನಮ್ಮನ್ನು ಸರಿಯಾಗಿ ಮಲಗಿಸಿ, ಅಲುಗಾಡದ ಹಾಗೆ ನೋಡಿಕೊಂಡು, ಚೆನ್ನಾಗಿ ಚಿತ್ರ ತೆಗೆಯುವುದು ಅವರ ಕೆಲಸ. ಅದಕ್ಕಾಗಿ ಓದಿ ತರಬೇತಿ ಪಡೆದವರು. ಆದರೆ ಕಾಯಿಲೆ ಏನು ಅಂತ ಹೇಳುವ ಅಧಿಕಾರ ಅವರಿಗಿಲ್ಲ. "ಸ್ವಲ್ಪ ನೋಡಿ ಹೇಳಪ್ಪಾ" ಅಂತ ಅವರನ್ನು ಒತ್ತಾಯ ಮಾಡಬಾರದು.

ಮೂರನೆಯವರು ರೇಡಿಯಾಲಜಿಸ್ಟ್. ಎಂ.ಬಿ.ಬಿ.ಎಸ್. ಆದ ಮೇಲೆ ಚಿತ್ರಗಳನ್ನು ಓದುವುದನ್ನೇ ಮತ್ತೆ ಕೆಲವು ವರ್ಷ ಕಲಿತ ತಜ್ಞ ಡಾಕ್ಟರು. ರಿಪೋರ್ಟ್ ಬರೆದು ಸಹಿ ಹಾಕುವವರು ಇವರೇ. ಇವರಿಗೆ ಸಾಮಾನ್ಯವಾಗಿ ನಮ್ಮ ಪರಿಚಯ ಇರುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಇವರು ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಅಲ್ಲೂ ಎಷ್ಟೋ ಸಲ ನಾವು ಇವರ ಮುಖ ನೋಡುವುದಿಲ್ಲ. ದೂರದಿಂದ ಓದುವಾಗ ಆ ಪಕ್ಕದ ಕೋಣೆ ಇನ್ನೊಂದು ಊರಿನಲ್ಲಿ ಇರುತ್ತದೆ, ಅಷ್ಟೇ.

ಏಕೆ ಹೀಗೆ?

ಮೆಷಿನ್ ಕೊಳ್ಳಬಹುದು. ಆದರೆ ಅದರ ಚಿತ್ರ ಓದುವ ತಜ್ಞರು ಬೇಕಾದಷ್ಟು ಸಿಗುವುದಿಲ್ಲ. ನಮ್ಮ ದೇಶದಲ್ಲಿ ಜನಸಂಖ್ಯೆಗೆ ಹೋಲಿಸಿದರೆ ರೇಡಿಯಾಲಜಿಸ್ಟ್‌ಗಳು ಬಹಳ ಕಡಿಮೆ. ಇರುವವರಲ್ಲೂ ಹೆಚ್ಚಿನವರು ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಇದ್ದಾರೆ. ಒಂದು ಸಣ್ಣ ಪಟ್ಟಣದ ಸೆಂಟರಿಗೆ ಹಗಲೂ ರಾತ್ರಿ ಒಬ್ಬ ತಜ್ಞರನ್ನು ಇಟ್ಟುಕೊಳ್ಳುವುದು ಕಷ್ಟ. ಮೊದಲೆಲ್ಲ ಏನಾಗುತ್ತಿತ್ತು? ವಾರಕ್ಕೆ ಎರಡು ದಿನ ಡಾಕ್ಟರು ಬರುವವರೆಗೆ ಫಿಲ್ಮ್ ಕವರಿನಲ್ಲೇ ಇರುತ್ತಿತ್ತು. ಇಲ್ಲವೇ ರೋಗಿಯನ್ನೇ ಆಂಬುಲೆನ್ಸಿನಲ್ಲಿ ಹಾಕಿಕೊಂಡು ಘಾಟಿ ಇಳಿಯಬೇಕಿತ್ತು.

ರೋಗಿ ಪ್ರಯಾಣ ಮಾಡುವ ಬದಲು ಚಿತ್ರ ಪ್ರಯಾಣ ಮಾಡಲಿ ಅನ್ನುವುದೇ ಈ ವ್ಯವಸ್ಥೆಯ ತಿರುಳು.

ಸರ್ಕಾರವೂ ಇದನ್ನು ಒಪ್ಪಿಕೊಂಡಿದೆ. 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಕೆಳಗೆ ಶುರುವಾದ ಉಚಿತ ತಪಾಸಣಾ ಯೋಜನೆಯಲ್ಲಿ ಜಿಲ್ಲಾ ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ಮತ್ತು ದೂರದಿಂದ ಎಕ್ಸ್-ರೇ ಓದಿಸುವುದು ಎರಡೂ ಸೇರಿವೆ. ಆದ್ದರಿಂದ ದುಡ್ಡು ಕಟ್ಟುವ ಮೊದಲು, "ಜಿಲ್ಲಾ ಆಸ್ಪತ್ರೆಯಲ್ಲಿ ಇದು ಉಚಿತವಾಗಿ ಆಗುತ್ತದೆಯೇ?" ಅಂತ ಒಂದು ಮಾತು ಕೇಳಿ.

ಚಿತ್ರ ಹೋಗುವುದು ಹೇಗೆ?

ಎಕ್ಸ್-ರೇ ಕಿರಣವನ್ನು 1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್‌ಜನ್ ಕಂಡುಹಿಡಿದರು. ಅದರಲ್ಲಿ ದೇಹದ ಎಲ್ಲ ಭಾಗ ಒಂದರ ಮೇಲೊಂದು ಬಿದ್ದ ನೆರಳಿನ ಹಾಗೆ ಕಾಣುತ್ತದೆ. ಸಿ.ಟಿ. ಸ್ಕ್ಯಾನ್ ಬೇರೆ ಥರ. ಅದು ಬ್ರೆಡ್ಡನ್ನು ಹೋಳು ಹೋಳಾಗಿ ಕತ್ತರಿಸಿದ ಹಾಗೆ ದೇಹವನ್ನು ತೆಳ್ಳಗಿನ ಪದರಗಳಾಗಿ ತೋರಿಸುತ್ತದೆ. ಇದನ್ನು ಮೊದಲು ಮಾಡಿದವರು ಇಂಗ್ಲೆಂಡಿನ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಎಚ್.ಎಂ.ವಿ. ಹಾಡಿನ ತಟ್ಟೆ ಮಾಡುತ್ತಿದ್ದ ಇ.ಎಂ.ಐ. ಕಂಪನಿಯ ಎಂಜಿನಿಯರ್ ಅವರು. 1971ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಹೀಗೆ ನೋಡಿದರು. ಅವರು ಡಾಕ್ಟರಲ್ಲ, ಆದರೂ 1979ರಲ್ಲಿ ವೈದ್ಯಕೀಯ ನೊಬೆಲ್ ಬಹುಮಾನ ಸಿಕ್ಕಿತು.

ಈಗ ಆ ಹೋಳುಗಳು ಬೆಂಗಳೂರಿಗೆ ಹೋಗುವ ದಾರಿ ನೋಡೋಣ.

1. ಹೆಸರು ಬರೆಸುವುದು. ಕೌಂಟರಿನಲ್ಲಿ ರೋಗಿಯ ಹೆಸರು, ವಯಸ್ಸು, ಹೆಣ್ಣೋ ಗಂಡೋ, ಒಂದು ನಂಬರು, ಇಷ್ಟನ್ನೂ ಕಂಪ್ಯೂಟರಿಗೆ ಹಾಕುತ್ತಾರೆ. ಈ ವಿವರ ಪ್ರತಿಯೊಂದು ಚಿತ್ರದ ಒಳಗೇ ಸೇರಿಕೊಳ್ಳುತ್ತದೆ. ‘ಡೈಕಾಮ್’ ಅನ್ನುವ ಪದ್ಧತಿಯಲ್ಲಿ ಚಿತ್ರ ಇಡುತ್ತಾರೆ. 1993ರಿಂದ ಈ ಹೆಸರಿನಲ್ಲಿ ಬಳಕೆಗೆ ಬಂದ ಇದನ್ನು ಎಲ್ಲ ಕಂಪನಿಗಳ ಮೆಷಿನ್‌ಗಳೂ ಪಾಲಿಸುತ್ತವೆ. ಅದಕ್ಕೇ ಇಲ್ಲಿನ ಮೆಷಿನ್ ತೆಗೆದ ಚಿತ್ರವನ್ನು ಎಲ್ಲಿನ ಕಂಪ್ಯೂಟರ್ ಬೇಕಾದರೂ ತೆರೆಯಬಹುದು.

2. ಚಿತ್ರ ತೆಗೆಯುವುದು. ಸಿ.ಟಿ.ಯ ಒಂದು ಹೋಳಿನಲ್ಲಿ ಉದ್ದಕ್ಕೆ 512, ಅಗಲಕ್ಕೆ 512 ಚುಕ್ಕಿಗಳಿರುತ್ತವೆ, ನಾವು ಚುಕ್ಕಿ ರಂಗೋಲಿ ಇಟ್ಟ ಹಾಗೆ. ಒಂದು ಹೋಳಿಗೆ ಸುಮಾರು ಅರ್ಧ ಎಂ.ಬಿ. ಆಗುತ್ತದೆ. 200 ಹೋಳು ತೆಗೆದರೆ 100 ಎಂ.ಬಿ.

3. ಕಳಿಸುವುದು. ಇಷ್ಟನ್ನು ಏನೂ ಕಳೆದುಹೋಗದ ಹಾಗೆ ಮಡಚಿ, ದಾರಿಯಲ್ಲಿ ಬೇರೆಯವರು ಓದಲಾಗದಂತೆ ಗುಪ್ತ ಲಿಪಿ ಮಾಡಿ, ಇಂಟರ್‌ನೆಟ್ ಮೂಲಕ ಕಳಿಸುತ್ತಾರೆ. ಲೈನ್ ಚೆನ್ನಾಗಿದ್ದರೆ ಕೆಲವೇ ನಿಮಿಷ. ಮಳೆ ಬಂದು ಲೈನ್ ಹೋದರೆ ಕಾಯಬೇಕು.

4. ಸರದಿ. ಆ ಕಡೆ ಹಲವು ಊರುಗಳಿಂದ ಬಂದ ಸ್ಕ್ಯಾನ್‌ಗಳು ಒಂದು ಪಟ್ಟಿಯಲ್ಲಿ ಕಾಯುತ್ತವೆ. ‘ತುರ್ತು’ ಅಂತ ಗುರುತು ಹಾಕಿದ್ದನ್ನು ಮೊದಲು ತೆಗೆದುಕೊಳ್ಳುತ್ತಾರೆ. ಉಳಿದದ್ದು ಆಮೇಲೆ.

5. ಓದುವುದು. ರೇಡಿಯಾಲಜಿಸ್ಟ್ ದೊಡ್ಡ ಪರದೆಗಳ ಮುಂದೆ ಕುಳಿತು ಒಂದೊಂದು ಹೋಳನ್ನೂ ಮೇಲಿನಿಂದ ಕೆಳಗೆ ಸರಿಸಿ ನೋಡುತ್ತಾರೆ. ಹಳೆಯ ಸ್ಕ್ಯಾನ್ ಇದ್ದರೆ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ.

6. ರಿಪೋರ್ಟ್. ಕಂಡದ್ದನ್ನು ಬರೆದು, ಸಹಿ ಹಾಕಿ ವಾಪಸ್ ಕಳಿಸುತ್ತಾರೆ. ಇಲ್ಲಿ ಪ್ರಿಂಟ್ ತೆಗೆದು ನಮ್ಮ ಕೈಗೆ ಕೊಡುತ್ತಾರೆ.

ಮೊಬೈಲಿನಲ್ಲಿ ಫೋಟೋ ಕಳಿಸಿದರೆ ಸಾಲದೇ?

ಬಹಳ ಜನ ಹೀಗೆ ಕೇಳುತ್ತಾರೆ. ಫಿಲ್ಮನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ತುರ್ತಿನಲ್ಲಿ ಡಾಕ್ಟರಿಗೆ ಒಂದು ಅಂದಾಜು ಸಿಗಲಿ ಅಂತ ಕಳಿಸಿದರೆ ತಪ್ಪಿಲ್ಲ. ಆದರೆ ಅದು ಸ್ಕ್ಯಾನ್ ಓದಿದ ಹಾಗೆ ಆಗುವುದಿಲ್ಲ. ಏಕೆ ಅಂತ ತಿಳಿಯಿರಿ.

ಸಿ.ಟಿ. ಚಿತ್ರದ ಪ್ರತಿ ಚುಕ್ಕಿಗೂ ಒಂದು ಅಂಕಿ ಇರುತ್ತದೆ. ನೀರಿಗೆ 0. ಗಾಳಿಗೆ ಸೊನ್ನೆಗಿಂತ 1,000 ಕೆಳಗೆ. ಗಟ್ಟಿ ಮೂಳೆಗೆ 1,000 ಅಥವಾ ಅದಕ್ಕೂ ಮೇಲೆ. ಮಿದುಳಿಗೆ ಸುಮಾರು 20ರಿಂದ 40. ಹೊಸದಾಗಿ ಹೆಪ್ಪುಗಟ್ಟಿದ ರಕ್ತಕ್ಕೆ ಸುಮಾರು 60ರಿಂದ 80. ನೋಡಿ, ಮಿದುಳಿಗೂ ರಕ್ತಕ್ಕೂ ಎಷ್ಟು ಸಣ್ಣ ಅಂತರ! ಮೂಲ ಕಡತದಲ್ಲಿ ಕಪ್ಪು ಬಿಳುಪಿನ ನಡುವೆ 4,000ಕ್ಕೂ ಹೆಚ್ಚು ಮೆಟ್ಟಿಲುಗಳಿರುತ್ತವೆ. ನಮ್ಮ ಕಣ್ಣು ಅಷ್ಟನ್ನು ಒಟ್ಟಿಗೆ ಗುರುತಿಸಲಾರದು. ಅದಕ್ಕೆ ಡಾಕ್ಟರು ಮೌಸ್ ಸರಿಸಿ ಒಮ್ಮೆ ಮಿದುಳು ಚೆನ್ನಾಗಿ ಕಾಣುವ ಹಾಗೆ, ಒಮ್ಮೆ ಮೂಳೆ ಕಾಣುವ ಹಾಗೆ, ಒಮ್ಮೆ ರಕ್ತ ಕಾಣುವ ಹಾಗೆ ಬೆಳಕನ್ನು ಬದಲಿಸಿಕೊಳ್ಳುತ್ತಾರೆ. ಫಿಲ್ಮಿನಲ್ಲಿ ಅಚ್ಚಾಗುವುದು ಇದರಲ್ಲಿ ಆರಿಸಿದ ಕೆಲವೇ ಚಿತ್ರಗಳು. ಅದರ ಫೋಟೋದಲ್ಲಿ ಇನ್ನೂ ಕಡಿಮೆ. ಹಾಗಾಗಿ ಫಿಲ್ಮಿನ ಜೊತೆ ಸಿ.ಡಿ. ಅಥವಾ ಮೂಲ ಕಡತ ತೆರೆಯುವ ಲಿಂಕ್ ಕೊಟ್ಟರೆ ಅದನ್ನು ಜೋಪಾನ ಮಾಡಬೇಕು. ಅದರಲ್ಲಿ ಪೂರ್ತಿ ಸ್ಕ್ಯಾನ್ ಇರುತ್ತದೆ.

ದೂರದ ಡಾಕ್ಟರಿಗೆ ಏನು ಗೊತ್ತಿರುವುದಿಲ್ಲ?

ಇದು ಈ ಲೇಖನದ ಮುಖ್ಯ ಮಾತು. ದಯವಿಟ್ಟು ಗಮನ ಕೊಟ್ಟು ಓದಿ.

ಚಿತ್ರ ಎಷ್ಟೇ ಚೆನ್ನಾಗಿರಲಿ, ದೂರದ ಡಾಕ್ಟರಿಗೆ ರೋಗಿ ಕಾಣುವುದಿಲ್ಲ. ಅವರು ನರಳುವುದು ಕೇಳಿಸುವುದಿಲ್ಲ. ಎಲ್ಲಿ ನೋವು ಅಂತ ಮುಟ್ಟಿ ನೋಡಲು ಆಗುವುದಿಲ್ಲ. ಅವರಿಗೆ ಸಿಗುವುದು ಎರಡೇ: ಚಿತ್ರ ಮತ್ತು ಚೀಟಿಯಲ್ಲಿ ಬರೆದಿರುವ ಒಂದೆರಡು ಸಾಲು. ಆ ಸಾಲಿನಲ್ಲಿ ಇಲ್ಲದ್ದು ಅವರ ಪಾಲಿಗೆ ಇಲ್ಲವೇ ಇಲ್ಲ.

ಈಗ ಆ ದಿನದ ಕಥೆಗೆ ಬರುತ್ತೇನೆ. ನಮ್ಮ ಚೀಟಿಯಲ್ಲಿ ಇದ್ದದ್ದು "ತಲೆನೋವು, ಬಲಗಾಲು ಬಲಹೀನ" ಅಂತ ಮಾತ್ರ. ಡಾಕ್ಟರು ಕೇಳಿದಾಗ ನಾವು ಹೇಳಿದ್ದೂ ಅಷ್ಟೇ. ಆ ಟೆಕ್ನೀಷಿಯನ್ ಹುಡುಗ ಅಜ್ಜಿಯನ್ನು ಮಲಗಿಸುವಾಗ ಸುಮ್ಮನೆ ಎಂಬಂತೆ ಕೇಳಿದ: "ಅಜ್ಜಿ ಇತ್ತೀಚೆಗೆ ಎಲ್ಲಾದ್ರೂ ಬಿದ್ದಿದ್ರಾ?" ಸೊಸೆ ಮೊದಲು ಇಲ್ಲ ಅಂದರು. ಒಂದು ನಿಮಿಷ ಯೋಚಿಸಿ, "ಹೌದಪ್ಪಾ, ಮೂರು ವಾರ ಆಯ್ತು. ಅಂಗಳದಲ್ಲಿ ಪಾಚಿ ಮೇಲೆ ಜಾರಿ ಬಿದ್ದಿದ್ರು. ತಲೆಗೆ ಸ್ವಲ್ಪ ಪೆಟ್ಟಾಗಿತ್ತು. ರಕ್ತ ಬಂದಿರಲಿಲ್ಲ, ಅದಕ್ಕೆ ಬಿಟ್ಟುಬಿಟ್ವಿ" ಅಂದರು. "ಬೇರೆ ಮಾತ್ರೆ ಏನಾದ್ರೂ?" "ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದಾರೆ. ರಕ್ತ ತೆಳು ಮಾಡೋ ಮಾತ್ರೆ ದಿನಾ ತಗೋತಾರೆ." ಹುಡುಗ ಆ ಎರಡನ್ನೂ ಕಂಪ್ಯೂಟರಿನಲ್ಲಿ ಸೇರಿಸಿ, ‘ತುರ್ತು’ ಅಂತ ಹಾಕಿ ಕಳಿಸಿದ.

ಇಪ್ಪತ್ತೈದು ನಿಮಿಷಕ್ಕೇ ಬೆಂಗಳೂರಿನಿಂದ ಫೋನ್ ಬಂತು. ರಿಪೋರ್ಟ್ ಬರುವ ಮೊದಲೇ ಆ ಡಾಕ್ಟರು ನಮ್ಮ ತಾಲ್ಲೂಕು ಡಾಕ್ಟರ ಜೊತೆ ನೇರವಾಗಿ ಮಾತಾಡಿದರು. ಅಜ್ಜಿಯ ಮಿದುಳಿನ ಎಡಭಾಗದ ಹೊರಗೆ, ಮಿದುಳಿನ ಹೊದಿಕೆಯ ಕೆಳಗೆ ರಕ್ತ ಸೇರಿಕೊಂಡು ಮಿದುಳನ್ನು ಒತ್ತುತ್ತಿತ್ತು.

ಇದರಲ್ಲಿ ಆ ಎರಡು ಸಾಲಿನ ಮಹಿಮೆ ಏನು? ಪೆಟ್ಟಾದ ಹೊಸದರಲ್ಲಿ ರಕ್ತ ಸಿ.ಟಿ.ಯಲ್ಲಿ ಬೆಳ್ಳಗೆ ಕಾಣುತ್ತದೆ. ದಿನ ಕಳೆದ ಹಾಗೆ ಅದರ ಬಣ್ಣ ಇಳಿಯುತ್ತದೆ. ಎರಡು ಮೂರು ವಾರದ ಹೊತ್ತಿಗೆ ಹೆಚ್ಚುಕಡಿಮೆ ಮಿದುಳಿನದೇ ಬೂದು ಬಣ್ಣಕ್ಕೆ ಬಂದುಬಿಡುತ್ತದೆ. ಆಗ ಅದನ್ನು ಗುರುತಿಸುವುದು ಅನುಭವಸ್ಥರಿಗೂ ಕಷ್ಟ. ಅಕ್ಕಿ ಆರಿಸುವಾಗ ಕರಿ ಕಲ್ಲು ತಕ್ಷಣ ಕಣ್ಣಿಗೆ ಬೀಳುತ್ತದೆ. ಬಿಳಿ ಕಲ್ಲು ಸಿಗಬೇಕಾದರೆ ‘ಇದರಲ್ಲಿ ಕಲ್ಲಿದೆ’ ಅಂತ ಯಾರಾದರೂ ಹೇಳಿರಬೇಕು, ಅಲ್ಲವೇ? "ಮೂರು ವಾರದ ಹಿಂದೆ ಬಿದ್ದಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ಇದೆ" ಅಂತ ಓದಿದ ಕೂಡಲೇ ಆ ಡಾಕ್ಟರು ಏನನ್ನು ಹುಡುಕಬೇಕೋ ಅದನ್ನೇ ಹುಡುಕಿದರು. ಮಿದುಳಿನ ಮಡಿಕೆಗಳು ಒಳಗೆ ಸರಿದಿವೆಯೇ, ನಡುವಿನ ಗೆರೆ ಪಕ್ಕಕ್ಕೆ ವಾಲಿದೆಯೇ ಅಂತ ನೋಡಿದರು.

ಅದೇ ದಿನ ರಾತ್ರಿ ದೊಡ್ಡ ಆಸ್ಪತ್ರೆಯಲ್ಲಿ ತಲೆಬುರುಡೆಗೆ ಸಣ್ಣ ರಂಧ್ರ ಮಾಡಿ ರಕ್ತ ಹೊರಗೆ ತೆಗೆದರು.

ನಿಮಿಷಗಳ ಬೆಲೆ

ಪಾರ್ಶ್ವವಾಯು ಹೊಡೆದಾಗ ಈ ವ್ಯವಸ್ಥೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಿದುಳಿನ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಂಡಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಅದನ್ನು ಕೊಡಬೇಕು. ಆದರೆ ನಾಳ ಒಡೆದು ರಕ್ತ ಸುರಿದಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ: ಬಾಯಿ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು. ಕಟ್ಟಿಕೊಂಡಿದೆಯೋ ಒಡೆದಿದೆಯೋ ಅಂತ ಹೇಳುವುದು ಸ್ಕ್ಯಾನ್. ರಾತ್ರಿ ಎರಡು ಗಂಟೆಗೆ ಸಣ್ಣ ಪಟ್ಟಣದಲ್ಲಿ ಅದನ್ನು ಓದುವವರು ದೂರದಲ್ಲಾದರೂ ಎಚ್ಚರವಾಗಿ ಕುಳಿತಿದ್ದರೆ ಒಂದು ಮನೆ ಉಳಿಯುತ್ತದೆ. ಪಾರ್ಶ್ವವಾಯು ಆದರೆ ಎಣ್ಣೆ ತಿಕ್ಕಿಸಲು ಊರೂರು ಅಲೆದು ಹೊತ್ತು ಕಳೆಯಬೇಡಿ. ಲಕ್ಷಣ ಎಷ್ಟು ಗಂಟೆಗೆ ಶುರುವಾಯಿತು ಅಂತ ನೆನಪಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ಸಿ.ಟಿ. ಇರುವ ಆಸ್ಪತ್ರೆಗೇ ಹೋಗಿ.

ಬೆಂಗಳೂರಿಗೂ ಇದಕ್ಕೂ ಹಳೆಯ ನಂಟು

ನಮಗೆ ದೂರದ ಬೆಂಗಳೂರಿನಿಂದ ರಿಪೋರ್ಟ್ ಬರುವುದು ಆಶ್ಚರ್ಯ ಅನಿಸಬಹುದು. ಆದರೆ ಬೆಂಗಳೂರಿನ ಡಾಕ್ಟರುಗಳು ಅಮೆರಿಕದ ಸ್ಕ್ಯಾನ್‌ಗಳನ್ನೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಓದುತ್ತಿದ್ದಾರೆ! ಡಾ. ಅರ್ಜುನ್ ಕಲ್ಯಾಣಪುರ ಮತ್ತು ಅವರ ಪತ್ನಿ ಡಾ. ಸುನೀತಾ ಮಹೇಶ್ವರಿ ಅಮೆರಿಕದಲ್ಲಿ ತರಬೇತಿ ಪಡೆದು ಬಂದವರು. 2002ರಲ್ಲಿ ಬೆಂಗಳೂರಿನಲ್ಲಿ ‘ಟೆಲಿರೇಡಿಯಾಲಜಿ ಸೊಲ್ಯೂಷನ್ಸ್’ ಸಂಸ್ಥೆ ಶುರು ಮಾಡಿದರು. ಇದರ ಗುಟ್ಟು ಗಡಿಯಾರದಲ್ಲಿದೆ. ನ್ಯೂಯಾರ್ಕಿನಲ್ಲಿ ನಡುರಾತ್ರಿ 12 ಗಂಟೆ ಆದಾಗ ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ, ಅವರ ಚಳಿಗಾಲದಲ್ಲಿ ಹತ್ತೂವರೆ. ಅಲ್ಲಿನ ಡಾಕ್ಟರು ನಿದ್ದೆಗಣ್ಣಿನಲ್ಲಿ ಓದುವ ಬದಲು ಇಲ್ಲಿನ ಡಾಕ್ಟರು ಹಗಲು ಬೆಳಕಿನಲ್ಲಿ ಓದಿ ಕಳಿಸಬಹುದು. ಹಾಗಂತ ಯಾರು ಬೇಕಾದರೂ ಓದುವ ಹಾಗಿಲ್ಲ. ಯಾವ ರಾಜ್ಯದ ಆಸ್ಪತ್ರೆಯೋ ಆ ರಾಜ್ಯದ ಲೈಸೆನ್ಸ್ ಇರಲೇಬೇಕು.

ಅದೇ 2002ರಲ್ಲಿ ನಮ್ಮ ರಾಜ್ಯದಲ್ಲೇ ಇನ್ನೊಂದು ಕೆಲಸ ಆಯಿತು. ಇಸ್ರೋ ಉಪಗ್ರಹದ ಸಹಾಯದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಮೈಸೂರು ಜಿಲ್ಲೆಯ ಸರಗೂರಿನ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದರು. ಕಾಡಂಚಿನ ಊರಿನವರ ಹೃದಯದ ತಪಾಸಣೆಯನ್ನು ಬೆಂಗಳೂರಿನ ತಜ್ಞರು ನೋಡುವಂತಾಯಿತು.

ಈಗ ಕಂಪ್ಯೂಟರೇ ಎಕ್ಸ್-ರೇ ಓದುತ್ತದಂತೆ ಅಂತಲೂ ಕೇಳಿರಬಹುದು. 15 ವರ್ಷ ಮೇಲ್ಪಟ್ಟವರಲ್ಲಿ ಕ್ಷಯರೋಗದ ಅನುಮಾನ ಇರುವವರನ್ನು ಎದೆಯ ಎಕ್ಸ್-ರೇಯಿಂದ ಗುರುತಿಸಲು ಇಂಥ ತಂತ್ರಾಂಶ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಅನುಮಾನ ಮಾತ್ರ ಹೇಳುತ್ತದೆ. ಕಫ ಪರೀಕ್ಷೆ ಮಾಡಿಯೇ ಖಚಿತ ಮಾಡಿಕೊಳ್ಳಬೇಕು.

ಗರ್ಭಿಣಿಯರ ಸ್ಕ್ಯಾನ್ ಬೇರೆ ಮಾತು

ಅಲ್ಟ್ರಾಸೌಂಡ್ ಅಂದರೆ ಹೊಟ್ಟೆಗೆ ಜೆಲ್ಲಿ ಹಚ್ಚಿ ಮಾಡುವ ಸ್ಕ್ಯಾನ್. ಅದರಲ್ಲಿ ಕೈ ಆಡಿಸಿದ ಹಾಗೆ ಚಿತ್ರ ಬದಲಾಗುತ್ತಾ ಹೋಗುತ್ತದೆ. ಕೈ ಆಡಿಸುವ ಡಾಕ್ಟರೇ ಆ ಹೊತ್ತಿಗೇ ನೋಡಿ ಅರ್ಥ ಮಾಡಿಕೊಳ್ಳಬೇಕು. ಜೊತೆಗೆ ಭ್ರೂಣ ಲಿಂಗ ಪತ್ತೆ ತಡೆಯುವ 1994ರ ಕಾನೂನಿನ ಪ್ರಕಾರ ಸೆಂಟರ್, ಮೆಷಿನ್, ಡಾಕ್ಟರು ಎಲ್ಲವೂ ನೋಂದಣಿ ಆಗಿರಬೇಕು. ಆದ್ದರಿಂದ ಬಸುರಿಯರ ಸ್ಕ್ಯಾನನ್ನು "ಡಾಕ್ಟರು ಇಲ್ಲ, ನಾವೇ ತೆಗೆದು ಕಳಿಸುತ್ತೇವೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹೆಣ್ಣೋ ಗಂಡೋ ಅಂತ ಹೇಳುವುದೂ ಅಪರಾಧ, ಹೇಳಿ ಅಂತ ಕೇಳುವುದೂ ಅಪರಾಧ. ಇದಕ್ಕೆ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ.

ತಪ್ಪುವುದು ಎಲ್ಲಿ?

ಒಳ್ಳೆಯ ವ್ಯವಸ್ಥೆಯಲ್ಲೂ ತಪ್ಪಾಗುತ್ತದೆ. ಒಂದೇ ಹೆಸರಿನ ಇಬ್ಬರ ಚಿತ್ರ ಅದಲುಬದಲಾಗಬಹುದು. ಎಡ, ಬಲ ತಪ್ಪಾಗಿ ಬರೆಯಬಹುದು. ರೋಗಿ ಅಲುಗಾಡಿ ಚಿತ್ರ ಮಸುಕಾಗಿರಬಹುದು. ಹಳೆಯ ಸ್ಕ್ಯಾನ್ ಕಳಿಸದೆ, ಮೊದಲೇ ಇದ್ದ ಗಂಟನ್ನು ಹೊಸದು ಅಂದುಕೊಳ್ಳಬಹುದು. ತುರ್ತು ವಿಷಯ ಹೇಳಲು ದೂರದ ಡಾಕ್ಟರು ಫೋನ್ ಮಾಡಿದಾಗ ನಂಬರೇ ತಪ್ಪಿರಬಹುದು. ರಾತ್ರಿ ಬಂದ ಮೊದಲ ರಿಪೋರ್ಟ್ ಬೆಳಿಗ್ಗೆ ಇನ್ನೊಬ್ಬರು ನೋಡಿದ ಮೇಲೆ ಬದಲಾಗಬಹುದು. ಬದಲಾದದ್ದು ನಮಗೆ ತಲುಪದೇ ಹೋಗಬಹುದು. ಇವುಗಳಲ್ಲಿ ಹೆಚ್ಚಿನವನ್ನು ನಾವು ಸ್ವಲ್ಪ ಎಚ್ಚರವಾಗಿದ್ದರೆ ತಡೆಯಬಹುದು.

ನಾವು ಮಾಡಬೇಕಾದದ್ದು

ಸ್ಕ್ಯಾನಿಗೆ ಮೊದಲು:

• ಡಾಕ್ಟರಿಗೂ ಟೆಕ್ನೀಷಿಯನ್ನಿಗೂ ಎಲ್ಲ ಹೇಳಿ. ಯಾವಾಗಿಂದ ತೊಂದರೆ, ಯಾವ ಕಡೆ, ಬಿದ್ದದ್ದು ಇದೆಯೇ, ಹಿಂದೆ ಆದ ಆಪರೇಷನ್, ಟಿ.ಬಿ., ಕ್ಯಾನ್ಸರ್, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಈಗ ತೆಗೆದುಕೊಳ್ಳುವ ಮಾತ್ರೆ. "ಚಿಕ್ಕ ವಿಷಯ, ಯಾಕೆ ಹೇಳೋದು" ಅಂತ ಬಿಡಬೇಡಿ. ಚೀಟಿಯಲ್ಲಿ ಬರೆಯಿರಿ ಅಂತ ವಿನಯದಿಂದ ಕೇಳಿ.

• ಮುಟ್ಟು ತಪ್ಪಿದ್ದರೆ, ಬಸುರಿ ಆಗಿರುವ ಸಂಭವ ಇದ್ದರೆ ನಾಚಿಕೆ ಬಿಟ್ಟು ಮೊದಲೇ ಹೇಳಿ.

• ಸೆಂಟರಿನವರು ಹೇಳಿದ ಹಾಗೆ ಮಾಂಗಲ್ಯ, ಬಳೆ, ಕಾಲುಂಗುರ, ಹೇರ್‌ಪಿನ್ ತೆಗೆದು ಜೊತೆಗೆ ಬಂದವರ ಕೈಯಲ್ಲಿ ಕೊಡಿ. ಎಂ.ಆರ್.ಐ. ಮೆಷಿನ್ ದೊಡ್ಡ ಅಯಸ್ಕಾಂತ. ದೇಹದಲ್ಲಿ ಪೇಸ್‌ಮೇಕರ್, ರಾಡ್, ಕ್ಲಿಪ್ ಏನಿದ್ದರೂ ಒಳಗೆ ಹೋಗುವ ಮೊದಲೇ ಹೇಳಬೇಕು.

• ಹಳೆಯ ಫಿಲ್ಮ್, ಸಿ.ಡಿ., ರಿಪೋರ್ಟ್ ತೆಗೆದುಕೊಂಡು ಹೋಗಿ, ಕೇಳದಿದ್ದರೂ ತೋರಿಸಿ.

• ಕೌಂಟರಿನಲ್ಲಿ ಹೆಸರು, ವಯಸ್ಸು, ಫೋನ್ ನಂಬರ್ ಸರಿ ಇದೆಯೇ ಅಂತ ಓದಿಸಿ ಕೇಳಿ.

ರಿಪೋರ್ಟ್ ಬಂದ ಮೇಲೆ:

• ಹೆಸರು, ವಯಸ್ಸು, ದಿನಾಂಕ, ಎಡವೋ ಬಲವೋ ನೋಡಿ. ಬಲಗಾಲಿಗೆ ಸ್ಕ್ಯಾನ್ ಮಾಡಿಸಿ ರಿಪೋರ್ಟಿನಲ್ಲಿ ಎಡಗಾಲು ಅಂತ ಇದ್ದರೆ ಅಲ್ಲೇ ಕೇಳಿ.

• ಓದಿದ ಡಾಕ್ಟರ ಹೆಸರು, ಡಿಗ್ರಿ, ನೋಂದಣಿ ನಂಬರು ಇರಬೇಕು. ಇಲ್ಲದಿದ್ದರೆ "ಇದನ್ನು ಓದಿದ ಡಾಕ್ಟರು ಯಾರು?" ಅಂತ ಕೇಳುವ ಹಕ್ಕು ನಿಮಗಿದೆ.

• ಕೊನೆಯಲ್ಲಿ ‘ಇಂಪ್ರೆಷನ್’ ಅಂತ ಇರುತ್ತದೆ. ಅದು ಇಡೀ ರಿಪೋರ್ಟಿನ ಸಾರಾಂಶ. ‘ಕ್ಲಿನಿಕಲ್ ಕೋರಿಲೇಷನ್’ ಅಂತ ಬರೆದಿದ್ದರೆ "ರೋಗಿಯನ್ನು ನೋಡಿದ ಡಾಕ್ಟರು ತಾಳೆ ಹಾಕಿ ನೋಡಲಿ" ಅಂತ ಅರ್ಥ. ಆದ್ದರಿಂದ ರಿಪೋರ್ಟ್ ಹಿಡಿದು ಚೀಟಿ ಬರೆದ ಡಾಕ್ಟರ ಹತ್ತಿರ ವಾಪಸ್ ಹೋಗಲೇಬೇಕು. ದೊಡ್ಡ ದೊಡ್ಡ ಪದ ನೋಡಿ ಗಾಬರಿ ಬೀಳಬೇಡಿ. ನಾರ್ಮಲ್ ಅಂತ ಇದೆ ಎಂದು ಮನೆಗೂ ಹೋಗಿಬಿಡಬೇಡಿ.

• ಫಿಲ್ಮ್, ಸಿ.ಡಿ., ರಿಪೋರ್ಟ್ ಮೂರನ್ನೂ ಒಂದೇ ಕವರಿನಲ್ಲಿ ಒದ್ದೆಯಾಗದ ಜಾಗದಲ್ಲಿ ಇಡಿ. ಕಳೆದುಹೋದರೆ ಮತ್ತೆ ಸ್ಕ್ಯಾನ್, ಮತ್ತೆ ಖರ್ಚು. ಎದೆಯ ಒಂದು ಎಕ್ಸ್-ರೇಗಿಂತ ಸಿ.ಟಿ. ಸ್ಕ್ಯಾನಿನಲ್ಲಿ ವಿಕಿರಣ ಹತ್ತಾರು ಪಟ್ಟು ಹೆಚ್ಚು. ಬೇಕಾದಾಗ ಹೆದರದೆ ಮಾಡಿಸಬೇಕು, ಸುಮ್ಮನೆ ಎರಡೆರಡು ಸಲ ಮಾಡಿಸಬಾರದು.

ಕೊನೆಯ ಮಾತು

ಆ ಅಜ್ಜಿ ಈಗ ಕೋಲು ಹಿಡಿದು ಓಡಾಡುತ್ತಾರೆ. ಸಂಘದ ಸಭೆ ಅವರ ಜಗಲಿಯಲ್ಲಿ ನಡೆದಾಗ ಎಲ್ಲರಿಗೂ ಕಾಫಿ ಕೊಡಿಸುತ್ತಾರೆ. ಸೊಸೆ ಸಾಲದ ಕೊನೆಯ ಕಂತು ಕಟ್ಟಿದ ದಿನ ನನಗೆ ಹೇಳಿದರು: "ಸಿಸ್ಟರ್, ಆವತ್ತು ಡಾಕ್ಟರು ಎದುರಿಗೆ ಇಲ್ಲ ಅಂತ ನಂಗೆ ಭಯ ಆಗಿತ್ತು. ಈಗ ಯೋಚನೆ ಮಾಡಿದ್ರೆ, ಆ ಹುಡುಗ ಕೇಳದೇ ಇದ್ದಿದ್ರೆ ಬಿದ್ದಿದ್ದನ್ನ ನಾನೇ ಹೇಳ್ತಿರಲಿಲ್ವಲ್ಲ ಅಂತ ಭಯ ಆಗುತ್ತೆ."

ಅವರ ಸಂಘ ಆಮೇಲೆ ಒಂದು ಕೆಲಸ ಮಾಡಿತು. ಪ್ರತಿ ಸದಸ್ಯೆಯೂ ಒಂದು 40 ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ಮನೆಯ ಒಬ್ಬೊಬ್ಬರಿಗೂ ಒಂದು ಪುಟ. ಅದರಲ್ಲಿ ಇರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಆದ ಆಪರೇಷನ್, ಬಿದ್ದ ಪೆಟ್ಟು, ಮಾಡಿಸಿದ ಸ್ಕ್ಯಾನ್, ದಿನಾಂಕದ ಸಮೇತ. ಆಸ್ಪತ್ರೆಗೆ ಹೋಗುವಾಗ ಪಾಸ್‌ಪುಸ್ತಕದ ಹಾಗೆ ಅದನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಾರೆ. ಓದು ಬಾರದವರದ್ದನ್ನು ಮಕ್ಕಳು ಬರೆದುಕೊಡುತ್ತಾರೆ. ನೋಟ್‌ಬುಕ್ಕಿಗೆ ಹೆಚ್ಚು ಖರ್ಚಿಲ್ಲ. ನಿಮ್ಮ ಸಂಘದಲ್ಲೂ ಮಾಡಬಹುದು.

ಸಭೆಯಲ್ಲಿ ಚರ್ಚಿಸಲು:

1. ನಮ್ಮಲ್ಲಿ ಯಾರ ಮನೆಯಲ್ಲಿ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಇದ್ದಾರೆ? ಅವರು ಬಿದ್ದರೆ ಏನು ಮಾಡಬೇಕು?

2. ನಮ್ಮ ಹತ್ತಿರದಲ್ಲಿ ಸಿ.ಟಿ. ಸ್ಕ್ಯಾನ್ ಎಲ್ಲಿದೆ? ಅದು ರಾತ್ರಿ ತೆರೆದಿರುತ್ತದೆಯೇ? ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವೇ? ಇಬ್ಬರು ಸದಸ್ಯೆಯರು ವಿಚಾರಿಸಿಕೊಂಡು ಬಂದು ಮುಂದಿನ ಸಭೆಯಲ್ಲಿ ತಿಳಿಸಲಿ.

3. ಮನೆಯಲ್ಲಿರುವ ಹಳೆಯ ಸ್ಕ್ಯಾನ್, ರಿಪೋರ್ಟುಗಳು ಈಗ ಎಲ್ಲಿವೆ? ಈ ವಾರವೇ ಹುಡುಕಿ ಒಂದು ಕವರಿನಲ್ಲಿ ಹಾಕಿಡೋಣವೇ?